ಪ್ರಸಾರ ಮಸೂದೆಯ ಕರಡಿಗೆ ಆಕ್ಷೇಪಣೆ ಬರೆದ ದಿನಗಳು

2023ರ ನವೆಂಬರ್ 10, ಶುಕ್ರವಾರ. ನರಕ ಚತುರ್ದಶಿಗೆ ಇನ್ನೆರಡೇ ದಿನ. ಹಬ್ಬಕ್ಕೆಂದು ಜನ ಊರಿನ ಬಸ್ಸು ಹಿಡಿಯುವ ಹೊತ್ತಿಗೆ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಪ್ರಸಾರ ಸೇವೆಗಳ (ನಿಯಂತ್ರಣ) ಮಸೂದೆಯ ಕರಡನ್ನು ಪ್ರಕಟಿಸಿತು. 1995ರ ಕೇಬಲ್ ಟೆಲಿವಿಷನ್ ಕಾಯ್ದೆಯನ್ನು ತೆಗೆದು, ಟಿವಿ, ಡಿಟಿಎಚ್, ರೇಡಿಯೊ, ಓಟಿಟಿ, ಆನ್‌ಲೈನ್ ಸುದ್ದಿ ಎಲ್ಲವನ್ನೂ ಒಂದೇ ಕಾನೂನಿನೊಳಗೆ ತರಲು ಹೊರಟ ಮಸೂದೆ ಅದು. ಆರು ಅಧ್ಯಾಯ, 48 ಖಂಡ, ಮೂರು ಅನುಸೂಚಿ. ಸಾರ್ವಜನಿಕರು ಡಿಸೆಂಬರ್ 9ರೊಳಗೆ ಅಭಿಪ್ರಾಯ ಕಳಿಸಬೇಕಿತ್ತು. ಕನ್ನಡದಲ್ಲಿ ಸುದ್ದಿ ತಾಣ, ಯೂಟ್ಯೂಬ್ ವಾಹಿನಿ, ಸ್ಥಳೀಯ ಕೇಬಲ್ ವಾಹಿನಿ ನಡೆಸುವವರ ಜತೆ ಕೂತು ಆ ಕರಡಿಗೆ ಆಕ್ಷೇಪಣೆ ಸಿದ್ಧಮಾಡಿದ ಬಗೆಯನ್ನು ಇಲ್ಲಿ ಬಿಡಿಸಿ ಹೇಳುತ್ತಿದ್ದೇವೆ. ಮಾಧ್ಯಮಕ್ಕೆ ಸಂಬಂಧಿಸಿದ ಯಾವ ಕಾನೂನಿನ ಕರಡು ಬಂದರೂ ಕೆಲಸ ಹೆಚ್ಚುಕಡಿಮೆ ಇದೇ.

ಮೂವತ್ತು ದಿನ ಎಂಬ ಲೆಕ್ಕಕ್ಕೆ ಒಂದು ಆಧಾರವಿದೆ. ಕೇಂದ್ರದಲ್ಲಿ 2014ರಿಂದ ಶಾಸನಪೂರ್ವ ಸಮಾಲೋಚನಾ ನೀತಿ ಜಾರಿಯಲ್ಲಿದೆ. ಆ ವರ್ಷ ಜನವರಿಯಲ್ಲಿ ಕಾರ್ಯದರ್ಶಿಗಳ ಸಮಿತಿ ತೀರ್ಮಾನಿಸಿ, ಫೆಬ್ರವರಿ 5ರಂದು ಕಾನೂನು ಸಚಿವಾಲಯ ಎಲ್ಲ ಇಲಾಖೆಗಳಿಗೂ ಪತ್ರ ಬರೆಯಿತು. ಕರಡು ಕನಿಷ್ಠ 30 ದಿನ ಸಾರ್ವಜನಿಕರ ಮುಂದಿರಬೇಕು. ಅದರ ಜತೆಗೆ ಸರಳ ಭಾಷೆಯ ವಿವರಣಾ ಟಿಪ್ಪಣಿ ಇರಬೇಕು. ಕಾನೂನು ಯಾಕೆ ಬೇಕು, ಖರ್ಚೆಷ್ಟು, ಮೂಲಭೂತ ಹಕ್ಕುಗಳ ಮೇಲೆ ಮತ್ತು ಜನರ ಬದುಕು, ಜೀವನೋಪಾಯದ ಮೇಲೆ ಏನು ಪರಿಣಾಮ ಎಂಬುದನ್ನು ಆ ಟಿಪ್ಪಣಿ ಹೇಳಬೇಕು. ಬಂದ ಅಭಿಪ್ರಾಯಗಳ ಸಾರಾಂಶ ಇಲಾಖೆಯ ಜಾಲತಾಣದಲ್ಲಿ ಪ್ರಕಟವಾಗಬೇಕು, ಸಂಪುಟದ ಮುಂದೆಯೂ ಹೋಗಬೇಕು. ಸಮಾಲೋಚನೆ ಸಾಧ್ಯವಿಲ್ಲವೆಂದು ಇಲಾಖೆಗೆ ಅನಿಸಿದರೆ ಅದರ ಕಾರಣವನ್ನು ಸಂಪುಟ ಟಿಪ್ಪಣಿಯಲ್ಲಿ ದಾಖಲಿಸಬೇಕು. ಇದು ನೀತಿ, ಕಾಯ್ದೆಯಲ್ಲ. ಮೀರಿದರೆ ಶಿಕ್ಷೆಯಿಲ್ಲ. ಆದರೂ ಆಕ್ಷೇಪಣೆಯ ಮೊದಲ ಪುಟದಲ್ಲೇ ಈ ನೀತಿಯನ್ನು ಹೆಸರಿಸಿ, ವಿವರಣಾ ಟಿಪ್ಪಣಿಯಲ್ಲಿ ಯಾವ ಅಂಶ ಬಿಟ್ಟುಹೋಗಿದೆ ಎಂದು ಬರೆಯುವುದು ಒಳ್ಳೆಯದು. ನಾಳೆ ವಿಷಯ ನ್ಯಾಯಾಲಯಕ್ಕೋ ಸಂಸದೀಯ ಸಮಿತಿಗೋ ಹೋದಾಗ ಕೆಲಸಕ್ಕೆ ಬರುವ ಸಾಲು ಅದು.

ಎಲ್ಲ ಕರಡಿಗೂ ಇಷ್ಟು ಕಾಲ ಸಿಗುವುದಿಲ್ಲ. ಸಿನಿಮಾಟೋಗ್ರಾಫ್ ತಿದ್ದುಪಡಿ ಮಸೂದೆಯ ಕರಡು 2021ರ ಜೂನ್ 18ಕ್ಕೆ ಬಂತು, ಜುಲೈ 2ಕ್ಕೆ ಗಡುವು ಮುಗಿಯಿತು. ಯಾವುದೇ ಸುದ್ದಿಯನ್ನು ಪಿಐಬಿ (ಕೇಂದ್ರ ಸರ್ಕಾರದ ಪತ್ರಿಕಾ ಮಾಹಿತಿ ಕಚೇರಿ) ಸುಳ್ಳೆಂದು ಗುರುತಿಸಿದರೆ ಜಾಲತಾಣಗಳು ಅದನ್ನು ತೆಗೆಯಬೇಕು ಎನ್ನುತ್ತಿದ್ದ ಐಟಿ ನಿಯಮಗಳ ತಿದ್ದುಪಡಿ ಕರಡು 2023ರ ಜನವರಿ 17ಕ್ಕೆ ಬಂದಾಗ ಮೊದಲು ಕೊಟ್ಟ ಗಡುವು ಜನವರಿ 25. ಆಮೇಲೆ ಅದು ಫೆಬ್ರವರಿ 20ಕ್ಕೆ ಹೋಯಿತು. ಆದ್ದರಿಂದ ಕರಡು ಕಂಡ ದಿನವೇ ಮಾಡಬೇಕಾದ ಕೆಲಸ ಎರಡು. ಒಂದು, ಪಿಡಿಎಫ್, ಪತ್ರಿಕಾ ಪ್ರಕಟಣೆ, ಸಾರ್ವಜನಿಕ ಸೂಚನೆ ಮೂರನ್ನೂ ಇಳಿಸಿಕೊಂಡು, ಕಡತದ ಹೆಸರಿನಲ್ಲೇ ದಿನಾಂಕ ಹಾಕಿ ಇಡುವುದು. ಜಾಲತಾಣದ ಪುಟಗಳ ವಿಳಾಸ ಬದಲಾಗುತ್ತದೆ, ಕೆಲವೊಮ್ಮೆ ಅದೇ ಕೊಂಡಿಯಲ್ಲಿ ತಿದ್ದಿದ ಪ್ರತಿ ಬಂದು ಕೂತಿರುತ್ತದೆ. ಎರಡು, ಗಡುವು ವಿಸ್ತರಿಸಿ, ಕನ್ನಡ ಅನುವಾದ ಕೊಡಿ ಎಂಬ ಎರಡೇ ಕೋರಿಕೆಗಳ ಅರ್ಧ ಪುಟದ ಪತ್ರವನ್ನು ಮೊದಲ ವಾರದಲ್ಲೇ ಕಳಿಸುವುದು. ಕೊನೆಯ ದಿನ ಕೇಳಿದರೆ ಕಡತ ಮೇಲಿನ ಅಧಿಕಾರಿಯ ಮೇಜು ತಲುಪುವುದಕ್ಕೂ ಸಮಯವಿರುವುದಿಲ್ಲ. ಪ್ರಸಾರ ಮಸೂದೆಗೂ ಗಡುವು 2024ರ ಜನವರಿ 15ಕ್ಕೆ ಮುಂದೆ ಹೋಯಿತು.

ಕನ್ನಡ ಅನುವಾದದ ಕೋರಿಕೆಯನ್ನು ಸುಮ್ಮನೆ ಭಾಷಾಭಿಮಾನ ಎಂದು ತಳ್ಳಿಹಾಕುವವರಿದ್ದಾರೆ. 2020ರಲ್ಲಿ ಪರಿಸರ ಪರಿಣಾಮ ಅಧಿಸೂಚನೆಯ ಕರಡು ಬರೀ ಇಂಗ್ಲಿಷ್, ಹಿಂದಿಯಲ್ಲಿ ಬಂದಾಗ ದೆಹಲಿ ಹೈಕೋರ್ಟ್ ಜೂನ್ 30ರಂದು, ಸಂವಿಧಾನದ ಎಂಟನೇ ಅನುಸೂಚಿಯ ಎಲ್ಲ ಭಾಷೆಗಳಿಗೂ ಅನುವಾದಿಸಿ ಪ್ರಕಟಿಸಿ ಎಂದು ಆದೇಶಿಸಿತ್ತು. ನಮ್ಮ ಹೈಕೋರ್ಟೂ ಅದೇ ವರ್ಷ ಆಗಸ್ಟ್‌ನಲ್ಲಿ ಅಂತಿಮ ಅಧಿಸೂಚನೆ ಹೊರಡಿಸದಂತೆ ತಡೆಯಿತು. ತಾಲ್ಲೂಕು ಮಟ್ಟದಲ್ಲಿ ಕೇಬಲ್ ನಡೆಸುವವನಿಗೆ ಅವನ ಮೇಲೇ ಬರುವ ಕಾನೂನು ಓದಲು ಸಿಗಬೇಕು ಎನ್ನುವುದು ನ್ಯಾಯವಾದ ಬೇಡಿಕೆ. ಈ ಆದೇಶದ ಉಲ್ಲೇಖವಿಟ್ಟು ಕೇಳಿದರೆ ಅದಕ್ಕೆ ತೂಕ ಬರುತ್ತದೆ.

ಓದುವುದನ್ನು ಮೊದಲ ಪುಟದಿಂದ ಶುರುಮಾಡಬೇಡಿ. ಮೊದಲು ವ್ಯಾಖ್ಯೆಗಳ ಖಂಡ, ಆಮೇಲೆ ದಂಡದ ಅನುಸೂಚಿ, ಆಮೇಲೆ ರದ್ದತಿ ಮತ್ತು ಉಳಿಕೆಗಳ ಖಂಡ. ಕಾನೂನು ಯಾರನ್ನು ಹಿಡಿಯುತ್ತದೆ, ಹಿಡಿದು ಏನು ಮಾಡುತ್ತದೆ, ಹಳೆಯದರಲ್ಲಿ ಏನನ್ನು ಉಳಿಸುತ್ತದೆ ಎನ್ನುವುದು ಈ ಮೂರರಲ್ಲೇ ಇರುತ್ತದೆ. ನಂತರ ಒಂದು ಬಣ್ಣದ ಪೆನ್ನು ಹಿಡಿದು ‘ನಿಯಮಗಳಲ್ಲಿ ಗೊತ್ತುಪಡಿಸಬಹುದಾದಂತೆ’ ಎಂಬ ಮಾತು ಬಂದ ಕಡೆಯಲ್ಲೆಲ್ಲ ಗೆರೆ ಎಳೆಯುತ್ತ ಹೋಗಿ. ಪ್ರಸಾರ ಮಸೂದೆಯಲ್ಲಿ ಆ ಮಾತು ಹತ್ತಾರು ಕಡೆ ಇತ್ತು. ಹಾಗೆ ಬಂದ ಕಡೆಯೆಲ್ಲ ಸಂಸತ್ತು ತೀರ್ಮಾನಿಸಬೇಕಾದ್ದನ್ನು ಸಚಿವಾಲಯ ಮುಂದೆ ಯಾವತ್ತೋ ತೀರ್ಮಾನಿಸುತ್ತದೆ ಎಂದರ್ಥ. ಮಸೂದೆಯ ಕರಡು ಓದಿದವರಿಗೆ ಕಾನೂನಿನ ಅರ್ಧ ಮಾತ್ರ ಕಂಡಿರುತ್ತದೆ.

ಈ ಮಸೂದೆಯಲ್ಲಿ ನಾವು ಹೆಚ್ಚು ಹೊತ್ತು ಕೂತದ್ದು 20ನೇ ಖಂಡದ ಮುಂದೆ. ಕನ್ನಡದಲ್ಲಿ ಅದರ ಸಾರ ಹೀಗೆ: ಪತ್ರಿಕೆ ಮತ್ತು ಅದರ ಯಥಾಪ್ರತಿ ಇ-ಪತ್ರಿಕೆಯ ಪ್ರಕಾಶಕರನ್ನು ಬಿಟ್ಟು ಬೇರೆ ಯಾರೇ ಆಗಲಿ, ಆನ್‌ಲೈನ್ ಪತ್ರಿಕೆ, ಸುದ್ದಿ ಪೋರ್ಟಲ್, ಜಾಲತಾಣ, ಸಾಮಾಜಿಕ ಮಾಧ್ಯಮ ಅಥವಾ ಅಂಥದೇ ಇನ್ನೊಂದರ ಮೂಲಕ, ವ್ಯವಸ್ಥಿತವಾದ ವ್ಯವಹಾರ, ವೃತ್ತಿ ಅಥವಾ ವಾಣಿಜ್ಯ ಚಟುವಟಿಕೆಯ ಭಾಗವಾಗಿ ಸುದ್ದಿ ಮತ್ತು ಪ್ರಚಲಿತ ವಿದ್ಯಮಾನದ ಕಾರ್ಯಕ್ರಮ ಪ್ರಸಾರ ಮಾಡಿದರೆ, ಕಾರ್ಯಕ್ರಮ ಸಂಹಿತೆಗೂ ಜಾಹೀರಾತು ಸಂಹಿತೆಗೂ ಬದ್ಧರಾಗಿರಬೇಕು.

ಇದರಲ್ಲಿ ‘ಅಥವಾ’ ಎಂಬ ಪದವನ್ನು ನೋಡಿ. ವ್ಯವಹಾರ, ವೃತ್ತಿ, ವಾಣಿಜ್ಯ ಮೂರರಲ್ಲಿ ಒಂದಿದ್ದರೂ ಸಾಕು. ಮಲೆನಾಡಿನಲ್ಲಿ ದಿನಾ ಸಂಜೆ ಮೊಬೈಲಿನ ಮುಂದೆ ಕೂತು ಆ ದಿನದ ಅಡಿಕೆ ಧಾರಣೆ ಹೇಳುವವರಿದ್ದಾರೆ. ರಾಶಿಗೆ ಎಷ್ಟು, ಬೆಟ್ಟೆಗೆ ಎಷ್ಟು, ನಾಳೆ ಮಾರುಕಟ್ಟೆ ಏಳಬಹುದೇ ಬೀಳಬಹುದೇ ಎಂದು ಐದು ನಿಮಿಷದ ಮಾತು, ನಡುವೆ ಗೊಬ್ಬರದ ಅಂಗಡಿಯ ಒಂದು ಜಾಹೀರಾತು. ದಿನಾ ಮಾಡುವುದರಿಂದ ವ್ಯವಸ್ಥಿತ. ಜಾಹೀರಾತಿನ ದುಡ್ಡು ಬರುವುದರಿಂದ ವಾಣಿಜ್ಯ. ಸುದ್ದಿಯ ವ್ಯಾಖ್ಯೆಯಲ್ಲಿ ಇತ್ತೀಚಿನ ಆರ್ಥಿಕ ವಿದ್ಯಮಾನವೂ ಅದರ ವಿಶ್ಲೇಷಣೆಯೂ ಸೇರಿದ್ದರಿಂದ, ಧಾರಣೆ ಹೇಳುವುದೂ ಸುದ್ದಿ ಕಾರ್ಯಕ್ರಮವೇ. ದೊಡ್ಡ ಟಿವಿ ವಾಹಿನಿಗೆಂದು ಬರೆದ ಸಂಹಿತೆ ಈ ಮನುಷ್ಯನ ಮೇಲೂ ಬೀಳುತ್ತದೆ. ಕರಡು ಬರೆದವರ ಮನಸ್ಸಿನಲ್ಲಿ ಇವರು ಇದ್ದಿರಲಾರರು. ಅದಕ್ಕೇ ಇವರನ್ನು ಕರಡಿನ ಮುಂದೆ ತಂದು ನಿಲ್ಲಿಸಬೇಕು. ಸಾರ್ವಜನಿಕ ಸಮಾಲೋಚನೆಯಿಂದ ಆಗಬೇಕಾದ ಕೆಲಸವೇ ಅದು.

ಇನ್ನು ಆ ಸಂಹಿತೆ ಎಲ್ಲಿದೆ? ಮಸೂದೆಯಲ್ಲಿಲ್ಲ, ಅದನ್ನು ಸರ್ಕಾರ ಮುಂದೆ ನಿಯಮಗಳ ಮೂಲಕ ಹೊರಡಿಸಬೇಕು. ಆದ್ದರಿಂದ ಈಗಿರುವ 1994ರ ಕೇಬಲ್ ನಿಯಮಗಳ 6ನೇ ನಿಯಮವನ್ನು ತೆಗೆದು ಪಕ್ಕಕ್ಕಿಟ್ಟುಕೊಂಡೆವು. ಕಾರ್ಯಕ್ರಮ ಸದಭಿರುಚಿಗೆ ಧಕ್ಕೆ ತರಬಾರದು, ಅರ್ಧಸತ್ಯ ಇರಬಾರದು ಎಂಬಂಥ ಮಾತುಗಳು ಅದರಲ್ಲಿವೆ. ಸಂವಿಧಾನದ 19(2)ನೇ ವಿಧಿಯಲ್ಲಿ ವಾಕ್ ಸ್ವಾತಂತ್ರ್ಯಕ್ಕೆ ನಿರ್ಬಂಧ ಹಾಕಬಹುದಾದ ಕಾರಣಗಳ ಪಟ್ಟಿಯಿದೆ: ದೇಶದ ಸಾರ್ವಭೌಮತೆ, ಭದ್ರತೆ, ವಿದೇಶಗಳ ಜತೆಗಿನ ಸ್ನೇಹ ಸಂಬಂಧ, ಸಾರ್ವಜನಿಕ ಸುವ್ಯವಸ್ಥೆ, ಸಭ್ಯತೆ ಅಥವಾ ನೈತಿಕತೆ, ನ್ಯಾಯಾಂಗ ನಿಂದನೆ, ಮಾನಹಾನಿ, ಅಪರಾಧಕ್ಕೆ ಪ್ರಚೋದನೆ. ಈ ಪಟ್ಟಿಯಲ್ಲಿ ‘ಸದಭಿರುಚಿ’ ಎಂಬ ಪದವಿಲ್ಲ, ‘ಅರ್ಧಸತ್ಯ’ವೂ ಇಲ್ಲ. ಎರಡನ್ನೂ ಎದುರುಬದುರು ಎರಡು ಅಂಕಣಗಳಲ್ಲಿ ಬರೆದಿಟ್ಟರೆ ವಾದಕ್ಕೆ ಬೇರೆ ವಿವರಣೆಯೇ ಬೇಡ. ಇದಕ್ಕೆ ಎರಡು ತೀರ್ಪು ಸೇರಿಸಿದೆವು. ಅಸ್ಪಷ್ಟತೆಯ ಕಾರಣಕ್ಕೆ ಐಟಿ ಕಾಯ್ದೆಯ 66ಎ ಪ್ರಕರಣವನ್ನು ಹೊಡೆದುಹಾಕಿದ 2015ರ ಶ್ರೇಯಾ ಸಿಂಘಾಲ್ ತೀರ್ಪು ಒಂದು. ಆನ್‌ಲೈನ್ ಸುದ್ದಿಗೆ ನೀತಿಸಂಹಿತೆ ಹೇರುವ 2021ರ ಐಟಿ ನಿಯಮಗಳ 9(1) ಮತ್ತು 9(3)ಕ್ಕೆ ಅದೇ ವರ್ಷ ಆಗಸ್ಟ್ 14ರಂದು ಬಾಂಬೆ ಹೈಕೋರ್ಟ್ ಕೊಟ್ಟ ತಡೆಯಾಜ್ಞೆ ಇನ್ನೊಂದು. ಹತ್ತು ತೀರ್ಪು ಪೇರಿಸಬೇಡಿ. ನಮ್ಮ ಆಕ್ಷೇಪಣೆ ಓದುವವರು ನ್ಯಾಯಾಧೀಶರಲ್ಲ, ಸಚಿವಾಲಯದ ಅಧಿಕಾರಿಗಳು.

ಪರಿಣಾಮಕ್ಕೆ ಒಳಗಾಗುವವರನ್ನು ಕೂರಿಸಿ ಮಾತಾಡುವುದು ಈ ಕೆಲಸದಲ್ಲಿ ಅತಿ ಕಷ್ಟದ ಭಾಗ, ಬಹಳ ಮಂದಿ ಬಿಟ್ಟುಬಿಡುವ ಭಾಗವೂ ಹೌದು. 48 ಖಂಡಗಳ ಇಂಗ್ಲಿಷ್ ಪಿಡಿಎಫನ್ನು ವಾಟ್ಸ್‌ಆ್ಯಪಿನಲ್ಲಿ ಹಾಕಿ ‘ನಿಮ್ಮ ಅಭಿಪ್ರಾಯ ತಿಳಿಸಿ’ ಎಂದರೆ ಒಬ್ಬರೂ ತಿಳಿಸುವುದಿಲ್ಲ, ಅದು ಅವರ ತಪ್ಪಲ್ಲ. ಕನ್ನಡದಲ್ಲಿ ಒಂದೇ ಹಾಳೆಯ ಸಾರಾಂಶ ಮಾಡಬೇಕು. ಒಬ್ಬೊಬ್ಬರ ಕೆಲಸಕ್ಕೆ ತಾಗುವ ಎರಡು ಮೂರು ಖಂಡ ಮಾತ್ರ ಅದರಲ್ಲಿರಬೇಕು. ‘ಈ ಕಾನೂನು ಒಳ್ಳೆಯದೋ ಕೆಟ್ಟದ್ದೋ’ ಎಂದು ಕೇಳಿದರೆ ರಾಜಕೀಯದ ಮಾತು ಶುರುವಾಗಿ ಸಭೆ ಅಲ್ಲಿಗೇ ಮುಗಿಯುತ್ತದೆ. ‘ಇದು ನಾಳೆ ಜಾರಿಯಾದರೆ ಸೋಮವಾರ ಬೆಳಿಗ್ಗೆ ನೀವು ಏನೇನು ಮಾಡಬೇಕಾಗುತ್ತದೆ’ ಎಂದು ಕೇಳಬೇಕು.

ಪ್ರತಿ ಪ್ರಸಾರಕನೂ ವಿಷಯ ಮೌಲ್ಯಮಾಪನ ಸಮಿತಿ ರಚಿಸಿ, ಅದರ ಪ್ರಮಾಣಪತ್ರ ಪಡೆದ ಕಾರ್ಯಕ್ರಮವನ್ನಷ್ಟೇ ಪ್ರಸಾರ ಮಾಡಬೇಕು ಎಂಬ ಅಂಶ ಕರಡಿನಲ್ಲಿತ್ತು. ಸಮಾಜದ ಬೇರೆ ಬೇರೆ ವರ್ಗದವರು ಸಮಿತಿಯಲ್ಲಿರಬೇಕಿತ್ತು. ಕೇಳಲು ಚೆನ್ನಾಗಿದೆ. ಮೂರು ಜನರಿಂದ ನಡೆಯುವ ಸ್ಥಳೀಯ ವಾಹಿನಿಯನ್ನು ಎದುರಿಗಿಟ್ಟುಕೊಂಡು ಇದನ್ನೇ ನೋಡಿ. ಕ್ಯಾಮೆರಾ ಹಿಡಿಯುವವರು ಒಬ್ಬರು, ಎಡಿಟಿಂಗ್ ಮತ್ತು ಸುದ್ದಿ ಓದುವುದು ಇನ್ನೊಬ್ಬರು, ಜಾಹೀರಾತು ವಸೂಲಿ ಮೂರನೆಯವರು. ಜಾತ್ರೆಯ ತೇರು ಎಳೆಯುವುದನ್ನು ನೇರ ತೋರಿಸುವಾಗ ಸಮಿತಿ ಯಾವಾಗ ಕೂರಬೇಕು? ಸಂಜೆ ಆರಕ್ಕೆ ನಡೆದ ಅಪಘಾತ ಏಳರ ಸುದ್ದಿಗೆ ಹೋಗಬೇಕಾದರೆ? ಸಮಿತಿಯ ಸದಸ್ಯರಿಗೆ ದಿನಭತ್ಯೆ ಯಾರು ಕೊಡಬೇಕು? ಇಂಥ ಪ್ರಶ್ನೆಗಳು ಕೆಲಸ ಮಾಡುವವರ ಬಾಯಿಂದ ಮಾತ್ರ ಬರುತ್ತವೆ. ಅವನ್ನು ಅವರ ಮಾತಿನಲ್ಲೇ ಬರೆದುಕೊಂಡು, ಲೆಕ್ಕ ಸಿಕ್ಕ ಕಡೆ ಲೆಕ್ಕ ಹಾಕಿ, ಆಕ್ಷೇಪಣೆಗೆ ಅನುಬಂಧವಾಗಿ ಸೇರಿಸಿದರೆ ದೆಹಲಿಯ ವಕೀಲರು ಬರೆಯುವ ನಲವತ್ತು ಪುಟದಲ್ಲೂ ಇಲ್ಲದ್ದು ನಮ್ಮ ಎಂಟು ಪುಟದಲ್ಲಿರುತ್ತದೆ. ಸಂಘಗಳ ಮುಖ್ಯಸ್ಥರನ್ನು ಮಾತ್ರ ಕರೆಯುವ ತಪ್ಪು ಮಾಡಬೇಡಿ. ಸಂಘದ ಅಭಿಪ್ರಾಯ ಬೇರೆ, ಸಂಘದ ಕೊನೆಯ ಸದಸ್ಯನ ತೊಂದರೆ ಬೇರೆ.

ಬರೆಯುವ ಕ್ರಮಕ್ಕೆ ಬರೋಣ. ಮೊದಲ ಪುಟದಲ್ಲಿ ನಾವು ಯಾರು, ಯಾರ ಪರವಾಗಿ ಬರೆಯುತ್ತಿದ್ದೇವೆ, ಮುಖ್ಯ ಕೋರಿಕೆ ಮೂರೋ ನಾಲ್ಕೋ ಇಷ್ಟೇ. ಎರಡನೇ ಪುಟದಿಂದ ನಾಲ್ಕು ಅಂಕಣದ ಕೋಷ್ಟಕ: ಖಂಡದ ಸಂಖ್ಯೆ, ಕರಡಿನಲ್ಲಿರುವ ಪಠ್ಯ, ಅದರಿಂದಾಗುವ ತೊಂದರೆ, ನಾವು ಸೂಚಿಸುವ ಪಠ್ಯ. ಅಧಿಕಾರಿಗಳು ಬಂದ ಅಭಿಪ್ರಾಯಗಳನ್ನೆಲ್ಲ ಖಂಡವಾರು ಒಟ್ಟುಹಾಕಿ ಒಂದು ಪಟ್ಟಿ ಮಾಡಬೇಕಾಗುತ್ತದೆ. ಆ ಪಟ್ಟಿಗೆ ನೇರವಾಗಿ ನಕಲು ಮಾಡಿ ಅಂಟಿಸುವಂತೆ ಬರೆದದ್ದು ಪಟ್ಟಿ ಸೇರುತ್ತದೆ, ಪ್ರಬಂಧದಂತೆ ಬರೆದದ್ದು ‘ಸಾಮಾನ್ಯ ಅಭಿಪ್ರಾಯ’ ಎಂಬ ಒಂದು ಸಾಲಿಗೆ ಇಳಿಯುತ್ತದೆ.

ನಾಲ್ಕನೇ ಅಂಕಣವನ್ನು ಖಾಲಿ ಬಿಡಬಾರದು. 20ನೇ ಖಂಡದ ಎದುರು ನಾವು ಎರಡು ಹಂತದಲ್ಲಿ ಬರೆದೆವು. ಮೊದಲ ಕೋರಿಕೆ: ಖಂಡವನ್ನು ಪೂರ್ತಿ ಕೈಬಿಡಬೇಕು. ಎರಡನೆಯದು: ಮೊದಲ ಕೋರಿಕೆಗೆ ಬಾಧೆಯಾಗದಂತೆ, ಒಂದು ವೇಳೆ ಉಳಿಸಿಕೊಂಡರೆ, ‘ಅಥವಾ’ ಇದ್ದಲ್ಲಿ ‘ಮತ್ತು’ ಬರಬೇಕು, ವಹಿವಾಟಿನ ಮಿತಿಯನ್ನು ನಿಯಮಕ್ಕೆ ಬಿಡದೆ ಕಾಯ್ದೆಯಲ್ಲೇ ಹೇಳಬೇಕು, ಒಬ್ಬರೋ ಇಬ್ಬರೋ ನಡೆಸುವ ವಾಹಿನಿಯನ್ನು ಹೊರಗಿಡಬೇಕು. ಆ ‘ಬಾಧೆಯಾಗದಂತೆ’ ಎಂಬ ಮಾತು ಬಿಟ್ಟರೆ, ಪರ್ಯಾಯ ಕೊಟ್ಟವರು ಖಂಡವನ್ನೇ ಒಪ್ಪಿದರೆಂದು ಸಾರಾಂಶದಲ್ಲಿ ಸೇರಿಬಿಡುವ ಅಪಾಯವಿದೆ.

ಒಪ್ಪಿಗೆಯನ್ನೂ ಬರೆಯಬೇಕು, ಇದನ್ನು ಒತ್ತಿ ಹೇಳುತ್ತೇವೆ. ಕರಡಿನಲ್ಲಿ ಅಂಗವಿಕಲರಿಗೆಂದು ಅಡಿಬರಹ, ಧ್ವನಿವಿವರಣೆ, ಸಂಜ್ಞಾಭಾಷೆಯ ಅಂಶಗಳಿದ್ದವು. ದಂಡವನ್ನು ಸಂಸ್ಥೆಯ ಆರ್ಥಿಕ ಶಕ್ತಿಗೆ ತಕ್ಕಂತೆ ಕಟ್ಟುವ ಮಾತಿತ್ತು. ಎರಡೂ ಒಳ್ಳೆಯವು. ಯಾರೂ ಬೆಂಬಲಿಸಿ ಬರೆಯದಿದ್ದರೆ, ಬೇರೆ ಗಲಾಟೆಯ ನಡುವೆ ಮೊದಲು ಕಳಚಿಬೀಳುವುದು ಇಂಥ ಅಂಶಗಳೇ.

ಕಳಿಸುವಾಗ ಆಗುವ ಎಡವಟ್ಟುಗಳು ಸಣ್ಣವು, ಆದರೆ ತಿಂಗಳ ಶ್ರಮ ಹಾಳುಮಾಡುವಂಥವು. ಸಹಿ ಹಾಕಿ ಸ್ಕ್ಯಾನ್ ಮಾಡಿದ ಪಿಡಿಎಫ್ ಒಂದನ್ನೇ ಕಳಿಸಿದರೆ ಅದರಿಂದ ಪಠ್ಯ ನಕಲಾಗುವುದಿಲ್ಲ; ಜತೆಗೆ ವರ್ಡ್ ಪ್ರತಿಯೂ ಇರಲಿ. ಕನ್ನಡ ಅನುಬಂಧವನ್ನು ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ಹಳೆಯ ಫಾಂಟಿನಲ್ಲಿದ್ದರೆ ಆಚೆ ಕಡೆಯ ಕಂಪ್ಯೂಟರಿನಲ್ಲಿ ಬರೀ ಗೀಚು ಕಾಣುತ್ತದೆ. ಇಮೇಲ್‌ನ ವಿಷಯದ ಸಾಲಿನಲ್ಲಿ ಸಾರ್ವಜನಿಕ ಸೂಚನೆಯ ಸಂಖ್ಯೆ, ದಿನಾಂಕ ಹಾಕಿ. ಗಡುವಿನ ಸಂಜೆ ಇಲಾಖೆಯ ಅಂಚೆಪೆಟ್ಟಿಗೆ ತುಂಬಿ ಮೇಲ್ ವಾಪಸ್ ಬರುವುದುಂಟು, ಹಾಗಾಗಿ ಎರಡು ದಿನ ಮೊದಲೇ ಕಳಿಸಿ. ಒಂದು ಪ್ರತಿಯನ್ನು ಸ್ಪೀಡ್ ಪೋಸ್ಟಿನಲ್ಲೂ ಹಾಕಿ ರಸೀದಿ ಇಟ್ಟುಕೊಳ್ಳಿ. ಮೈಗವ್‌ನಂಥ ಪೋರ್ಟಲಿನಲ್ಲಿ ಖಂಡವಾರು ತುಂಬುವ ಪೆಟ್ಟಿಗೆಗಳಿದ್ದರೆ, ಮೊದಲು ಬೇರೆ ಕಡತದಲ್ಲಿ ಬರೆದು ಆಮೇಲೆ ಅಂಟಿಸಿ, ಸಲ್ಲಿಸಿದ ಮೇಲೆ ಬರುವ ಪರದೆಯ ಚಿತ್ರ ತೆಗೆದಿಡಿ.

ಒಂದೇ ಪತ್ರವನ್ನು ಸಾವಿರ ಜನರಿಂದ ಕಳಿಸುವುದು ಒಳ್ಳೆಯದೇ ಎಂದು ಕೇಳುವವರು ಬಹಳ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ ಅನುಭವ ಇದಕ್ಕೆ ಎರಡು ಬಗೆಯ ಉತ್ತರ ಕೊಡುತ್ತದೆ. 2015ರ ಮಾರ್ಚ್ 27ರಂದು ಟ್ರಾಯ್ 20 ಪ್ರಶ್ನೆಗಳ ಸಮಾಲೋಚನಾ ಪತ್ರ ಹೊರಡಿಸಿದಾಗ, ನೆಟ್ ನ್ಯೂಟ್ರಾಲಿಟಿ (ಎಲ್ಲ ತಾಣಗಳನ್ನೂ ಇಂಟರ್‌ನೆಟ್ ಕಂಪನಿಗಳು ಸಮಾನವಾಗಿ ಕಾಣಬೇಕೆಂಬ ತತ್ವ) ಉಳಿಸಿ ಎಂದು ಹತ್ತು ಲಕ್ಷಕ್ಕೂ ಹೆಚ್ಚು ಇಮೇಲ್ ಹೋದವು. ಸ್ವಯಂಸೇವಕರು ಇಪ್ಪತ್ತು ಪ್ರಶ್ನೆಗೂ ಉತ್ತರದ ಕರಡು ಸಿದ್ಧಮಾಡಿ, ಕಳಿಸುವವರು ತಿದ್ದಿಕೊಳ್ಳುವಂತೆ ಕೊಟ್ಟಿದ್ದರು. ಅದೇ ವರ್ಷ ಡಿಸೆಂಬರಿನಲ್ಲಿ ಭೇದಾತ್ಮಕ ದರದ ಬಗ್ಗೆ, ಅಂದರೆ ತಾಣ ನೋಡಿ ಡೇಟಾಕ್ಕೆ ಬೇರೆ ಬೇರೆ ದರ ಹಾಕುವ ಬಗ್ಗೆ, ಟ್ರಾಯ್ ನಾಲ್ಕು ಪ್ರಶ್ನೆ ಕೇಳಿತು. ಆಯ್ದ ಕೆಲವು ತಾಣಗಳನ್ನು ಉಚಿತವಾಗಿ ಕೊಡುವ ತನ್ನ ಫ್ರೀ ಬೇಸಿಕ್ಸ್ ಯೋಜನೆಯ ಪರವಾಗಿ ಬಳಕೆದಾರರು ಸಿದ್ಧ ಪತ್ರ ಕಳಿಸುವಂತೆ ಫೇಸ್‌ಬುಕ್ ಮಾಡಿತು. ಲಕ್ಷಗಟ್ಟಲೆ ಬಂದ ಆ ಪತ್ರಗಳು ಕೇಳಿದ ಪ್ರಶ್ನೆಗೆ ಉತ್ತರಿಸುತ್ತಿಲ್ಲ ಎಂದು ಟ್ರಾಯ್ ಬಹಿರಂಗವಾಗಿಯೇ ಹೇಳಿತು. 2016ರ ಫೆಬ್ರವರಿ 8ಕ್ಕೆ ಬಂದ ಆದೇಶ ಭೇದಾತ್ಮಕ ದರವನ್ನು ನಿಷೇಧಿಸಿತು. ಸಂಖ್ಯೆ ಗಮನ ಸೆಳೆಯುತ್ತದೆ. ತೀರ್ಮಾನದ ಟಿಪ್ಪಣಿಯಲ್ಲಿ ಜಾಗ ಸಿಗುವುದು ಪ್ರಶ್ನೆಗೆ ಕೊಟ್ಟ ಉತ್ತರಕ್ಕೆ.

ಟ್ರಾಯ್‌ನ ಕ್ರಮ ಸಚಿವಾಲಯಗಳಿಗಿಂತ ಎಷ್ಟೋ ಮೇಲು ಎನ್ನಲೇಬೇಕು. ಟ್ರಾಯ್ ಕಾಯ್ದೆಯ 11(4)ನೇ ಪ್ರಕರಣ ಪಾರದರ್ಶಕತೆಯನ್ನು ಕಡ್ಡಾಯ ಮಾಡಿದೆ. ಬಂದ ಅಭಿಪ್ರಾಯಗಳನ್ನು ಜಾಲತಾಣಕ್ಕೆ ಹಾಕುತ್ತಾರೆ, ಅವನ್ನು ಓದಿ ಪ್ರತಿ ಅಭಿಪ್ರಾಯ ಬರೆಯಲು ಬೇರೆ ಗಡುವು ಕೊಡುತ್ತಾರೆ, ಆಮೇಲೆ ಮುಕ್ತ ಚರ್ಚೆ ನಡೆಸುತ್ತಾರೆ. ದೊಡ್ಡ ಕಂಪನಿ ಏನು ಕೇಳಿದೆ ಎಂದು ನೋಡಿ ಅದಕ್ಕೆ ಉತ್ತರ ಬರೆಯುವ ಅವಕಾಶ ಸಾಮಾನ್ಯ ಓದುಗನಿಗೂ ಇದೆ. ಸಚಿವಾಲಯಗಳಲ್ಲಿ ಈ ಹಂತವೇ ಇಲ್ಲ. ಪತ್ರಕರ್ತರಿಗೂ ತಾಗುವ ದತ್ತಾಂಶ ರಕ್ಷಣಾ ನಿಯಮಗಳ ಕರಡು 2025ರ ಜನವರಿ 3ರಂದು ಬಂದಾಗ, ಅಭಿಪ್ರಾಯಗಳನ್ನು ಗೋಪ್ಯವಾಗಿಡುತ್ತೇವೆ ಎಂದು ಸೂಚನೆಯಲ್ಲೇ ಬರೆದಿತ್ತು. ನಾವು ಕಳಿಸಿದ್ದನ್ನು ಅದೇ ದಿನ ನಾವೇ ಬಹಿರಂಗಪಡಿಸುವುದು ಇದಕ್ಕಿರುವ ದಾರಿ. ಬೇರೆ ಊರಿನವರು ಅದರಿಂದ ತಮ್ಮದನ್ನು ಬರೆದುಕೊಳ್ಳುತ್ತಾರೆ.

ಪ್ರಸಾರ ಮಸೂದೆಯ ಮುಂದಿನ ಘಟ್ಟ ಹೇಳಲು ಬೇಸರವಾಗುತ್ತದೆ. 2024ರ ಜುಲೈನಲ್ಲಿ ಪರಿಷ್ಕೃತ ಕರಡು ಆಯ್ದ ಕೆಲವರ ಕೈಗೆ ಮಾತ್ರ ಹೋಯಿತು. ಸೋರಿದರೆ ಯಾರ ಪ್ರತಿ ಎಂದು ಗೊತ್ತಾಗಲೆಂದು ಒಂದೊಂದು ಪ್ರತಿಗೂ ಒಂದೊಂದು ವಾಟರ್‌ಮಾರ್ಕ್ ಇತ್ತು. ‘ಡಿಜಿಟಲ್ ಸುದ್ದಿ ಪ್ರಸಾರಕ’ ಎಂಬ ಹೊಸ ವರ್ಗ ಅದರಲ್ಲಿದೆ ಎಂದು ಪತ್ರಿಕೆಗಳಿಂದ ತಿಳಿಯಿತು. ಆ ವರ್ಗಕ್ಕೆ ಸೇರುವವರ ಕೈಯಲ್ಲೇ ಕರಡಿಲ್ಲ! ಆಗಸ್ಟಿನಲ್ಲಿ ಪ್ರತಿಗಳನ್ನು ಹಿಂದಿರುಗಿಸಲು ಹೇಳಿದರು. ಆಗಸ್ಟ್ 12ರಂದು ಸಚಿವಾಲಯ, 2023ರ ಕರಡಿಗೆ ಅಭಿಪ್ರಾಯ ಕಳಿಸಲು ಅಕ್ಟೋಬರ್ 15ರವರೆಗೆ ಹೆಚ್ಚುವರಿ ಸಮಯ ಕೊಡುತ್ತೇವೆ, ವಿವರವಾದ ಸಮಾಲೋಚನೆಯ ಬಳಿಕ ಹೊಸ ಕರಡು ಪ್ರಕಟಿಸುತ್ತೇವೆ ಎಂದು ತಿಳಿಸಿತು. ಭಾಗವಹಿಸುವ ಹಕ್ಕು ಎಂದರೆ ಮೊದಲು ಎಲ್ಲರೂ ಒಂದೇ ಪ್ರತಿಯನ್ನು ಒಂದೇ ದಿನ ಓದುವ ಹಕ್ಕು. ಅದು ತಪ್ಪಿದ ಮೇಲೆ ಎಷ್ಟು ದಿನ ಗಡುವು ಕೊಟ್ಟರೂ ಸಮಾಲೋಚನೆ ಆದಂತಲ್ಲ. ಇಂಥ ಹೊತ್ತಿನಲ್ಲಿ, ಸೋರಿದ ಪ್ರತಿಯ ಮೇಲೆ ಖಂಡವಾರು ಆಕ್ಷೇಪಣೆ ಬರೆಯಬೇಡಿ. ಅದು ಅಧಿಕೃತ ಪಠ್ಯವಲ್ಲ ಎಂದು ತಳ್ಳಿಹಾಕುವುದು ಸುಲಭ. ಕರಡನ್ನು ಎಲ್ಲರಿಗೂ ಪ್ರಕಟಿಸಿ ಎಂಬ ಒಂದೇ ಕೋರಿಕೆ ಬರೆಯಿರಿ.

ಅಭಿಪ್ರಾಯ ಕಳಿಸಿದ ಮೇಲೆ ಮಾಹಿತಿ ಹಕ್ಕಿನ ಅರ್ಜಿ. ಕೇಂದ್ರದ ಪೋರ್ಟಲಿನಲ್ಲಿ ಶುಲ್ಕ 10 ರೂಪಾಯಿ, ಅರ್ಜಿಯ ಪಠ್ಯ 3,000 ಅಕ್ಷರ ಮೀರುವಂತಿಲ್ಲ. ಒಟ್ಟು ಎಷ್ಟು ಅಭಿಪ್ರಾಯ ಬಂದವು, ಖಂಡವಾರು ಸಾರಾಂಶದ ಪ್ರತಿ, ಯಾರ ಜತೆ ಯಾವ ದಿನ ಸಭೆ ನಡೆಯಿತು, ಆ ಸಭೆಗಳ ನಡಾವಳಿ — ಈ ನಾಲ್ಕನ್ನು ಬೇರೆ ಬೇರೆ ಸಂಖ್ಯೆ ಕೊಟ್ಟು ಕೇಳಿ; ಒಂದನ್ನು ನಿರಾಕರಿಸಿದರೂ ಉಳಿದವಕ್ಕೆ ಉತ್ತರ ಬರಬೇಕಾಗುತ್ತದೆ. ಮಹತ್ವದ ನೀತಿ ರೂಪಿಸುವಾಗ ಸಂಬಂಧಿಸಿದ ಸಂಗತಿಗಳನ್ನು ತಾನಾಗಿಯೇ ಪ್ರಕಟಿಸಬೇಕು ಎನ್ನುವ 4(1)(ಸಿ) ಪ್ರಕರಣವನ್ನು ಉಲ್ಲೇಖಿಸಿ. ಸಂಪುಟ ಟಿಪ್ಪಣಿ ಎಂದೋ ವಿಶ್ವಾಸದಲ್ಲಿ ಕೊಟ್ಟ ಮಾಹಿತಿ ಎಂದೋ ನಿರಾಕರಣೆ ಬರಬಹುದು. ಉತ್ತರಕ್ಕೆ 30 ದಿನ, ಉತ್ತರ ಬಂದ 30 ದಿನದೊಳಗೆ ಮೊದಲ ಮೇಲ್ಮನವಿ. ರಾಜ್ಯದ ಇಲಾಖೆಗೆ ಅರ್ಜಿ ಹಾಕುವಾಗ ನೆನಪಿಡಿ, ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ.

ಮಸೂದೆ ಸಂಸತ್ತಿಗೆ ಹೋಗಿ ಸ್ಥಾಯಿ ಸಮಿತಿಗೆ ಒಪ್ಪಿಸಿದರೆ ಇನ್ನೊಂದು ಬಾಗಿಲು ತೆರೆದಂತೆ. ಸಮಿತಿ ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟು ಮನವಿ ಆಹ್ವಾನಿಸುತ್ತದೆ. ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಎರಡು ಪ್ರತಿ ಕೇಳುತ್ತಾರೆ. ಸಮಿತಿಯ ಮುಂದೆ ಖುದ್ದಾಗಿ ಹೇಳಿಕೆ ಕೊಡಬೇಕೆಂದಿದ್ದರೆ ಅದನ್ನು ಮನವಿಯಲ್ಲೇ ಸ್ಪಷ್ಟವಾಗಿ ಬರೆಯಬೇಕು, ಬರೆಯದಿದ್ದರೆ ಕರೆಯುವುದಿಲ್ಲ. ಇಲ್ಲಿ ನಿಯಮ ಸಚಿವಾಲಯದ ಹಂತಕ್ಕೆ ಪೂರ್ತಿ ಉಲ್ಟಾ. ಸಮಿತಿಗೆ ಕೊಟ್ಟ ಮನವಿ ಸಮಿತಿಯ ದಾಖಲೆಯಾಗುತ್ತದೆ, ಅದನ್ನು ಹಂಚಿದರೆ ಹಕ್ಕುಚ್ಯುತಿ. ಉತ್ಸಾಹದಲ್ಲಿ ಫೇಸ್‌ಬುಕ್ಕಿಗೆ ಹಾಕಿಬಿಡಬೇಡಿ.

ಇಷ್ಟೆಲ್ಲ ಮಾಡಿದರೆ ಏನಾದರೂ ಬದಲಾಗುತ್ತದೆಯೇ? ಆಗುತ್ತದೆ, ಒಂದು ಉದಾಹರಣೆ ನಮ್ಮ ನಾಡಿಗೇ ಸೇರಿದ್ದು. ಸೆನ್ಸಾರ್ ಮಂಡಳಿ ಒಪ್ಪಿದ ಚಿತ್ರವನ್ನು ಮರುಪರಿಶೀಲಿಸುವ ಅಧಿಕಾರ ಕೇಂದ್ರಕ್ಕಿರಬಾರದು ಎಂದು ಚಿತ್ರ ನಿರ್ದೇಶಕ ಕೆ.ಎಂ. ಶಂಕರಪ್ಪ ಹೂಡಿದ ಮೊಕದ್ದಮೆಯಲ್ಲಿ ಕರ್ನಾಟಕ ಹೈಕೋರ್ಟ್ ಆ ಅಧಿಕಾರವನ್ನು ರದ್ದುಮಾಡಿತ್ತು, 2000ದ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಸಿನಿಮಾಟೋಗ್ರಾಫ್ ತಿದ್ದುಪಡಿಯ 2021ರ ಕರಡು ಅದೇ ಅಧಿಕಾರವನ್ನು ಹಿಂಬಾಗಿಲಿನಿಂದ ತರಲು ನೋಡಿತು. ಚಿತ್ರರಂಗದವರು ಆ ತೀರ್ಪನ್ನು ಮುಂದಿಟ್ಟು ದೇಶದಾದ್ಯಂತ ಆಕ್ಷೇಪಿಸಿದರು. 2023ರ ಜುಲೈ ಕೊನೆಯಲ್ಲಿ ಸಂಸತ್ತು ಒಪ್ಪಿದ ತಿದ್ದುಪಡಿಯಲ್ಲಿ ಆ ಅಂಶ ಇರಲಿಲ್ಲ.

ರಾಜ್ಯ ಮಟ್ಟದಲ್ಲಿ ದಾರಿ ಇನ್ನೂ ಕಡಿದು. ಕೇಂದ್ರದ 2014ರ ನೀತಿ ರಾಜ್ಯ ಸರ್ಕಾರಗಳನ್ನು ಕಟ್ಟಿಹಾಕುವುದಿಲ್ಲ. 2025ರ ಜೂನಿನಲ್ಲಿ ಕರ್ನಾಟಕದ ಸುಳ್ಳು ಸುದ್ದಿ ನಿಷೇಧ ಮಸೂದೆಯ ಕರಡು, ಏಳು ವರ್ಷದವರೆಗೆ ಜೈಲು, ಹತ್ತು ಲಕ್ಷ ರೂಪಾಯಿವರೆಗೆ ದಂಡ ಎಂಬ ವಿವರಗಳ ಸಮೇತ ಮಾಧ್ಯಮಗಳಲ್ಲಿ ಬಂದುಬಿಟ್ಟಿತು. ಜನರ ಅಭಿಪ್ರಾಯಕ್ಕೆಂದು ಇಟ್ಟ ಅಧಿಕೃತ ಪ್ರತಿ ಆಗ ಇರಲಿಲ್ಲ. ನಿಯಮಗಳ ವಿಷಯದಲ್ಲಿ ಹಾಗಲ್ಲ. ಕರಡು ನಿಯಮ ರಾಜ್ಯಪತ್ರದಲ್ಲಿ ಬರುತ್ತದೆ, ಆಕ್ಷೇಪಣೆಗೆ ದಿನ ಇರುತ್ತದೆ. ಸಿನಿಮಾ ಟಿಕೆಟ್ಟಿಗೆ 200 ರೂಪಾಯಿ ಮಿತಿ ಹಾಕುವ ಕರಡು 2025ರ ಜುಲೈ 15ಕ್ಕೆ ಪ್ರಕಟವಾದಾಗ 15 ದಿನ ಕೊಟ್ಟಿದ್ದರು. ತೆರಿಗೆ ಸೇರಿ 200 ಎಂದಿದ್ದದ್ದು ಸೆಪ್ಟೆಂಬರ್ 12ರ ಅಂತಿಮ ನಿಯಮದಲ್ಲಿ ತೆರಿಗೆ ಬಿಟ್ಟು 200 ಆಯಿತು, 75 ಅಥವಾ ಕಡಿಮೆ ಆಸನದ ಪ್ರೀಮಿಯಂ ಪರದೆಗಳಿಗೆ ವಿನಾಯಿತಿಯೂ ಬಂತು. ಹದಿನೈದು ದಿನದಲ್ಲಿ ಬರೆಯಲು ಶಕ್ತಿಯಿದ್ದವರು ಬರೆದಿರುತ್ತಾರೆ; ಟಿಕೆಟ್ ಕೊಳ್ಳುವವರಲ್ಲಿ ಎಷ್ಟು ಮಂದಿ ಬರೆದರು ಎಂದು ಕೇಳಿಕೊಳ್ಳಬೇಕು. ಹನ್ನೊಂದೇ ದಿನದಲ್ಲಿ ಹೈಕೋರ್ಟ್ ಆ ನಿಯಮಕ್ಕೆ ತಡೆ ಕೊಟ್ಟಿತು. ರಾಜ್ಯದ ಕರಡಿಗೆ ಆಕ್ಷೇಪಣೆಯನ್ನು ಕನ್ನಡದಲ್ಲೇ ಬರೆಯಿರಿ, ವಿಕಾಸಸೌಧಕ್ಕೋ ವಿಧಾನಸೌಧಕ್ಕೋ ಖುದ್ದು ಹೋಗಿ ಟಪಾಲಿನಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿಯ ಮೊಹರು, ದಿನಾಂಕ ಹಾಕಿಸಿಕೊಂಡು ಬನ್ನಿ.

ಕೊನೆಗೆ ಕಡತದ ಮಾತು. 2023ರ ಕರಡಿನ ಮೂಲ ಪಿಡಿಎಫ್, ನಾಲ್ಕು ಅಂಕಣದ ಕೋಷ್ಟಕ, ಸ್ಪೀಡ್ ಪೋಸ್ಟ್ ರಸೀದಿ, ಕೇಬಲ್ ನಡೆಸುವವರು ಹೇಳಿದ ಪ್ರಶ್ನೆಗಳ ಅನುಬಂಧ ಎಲ್ಲವೂ ಒಂದೇ ಕಡೆ ಇರಲಿ. ಹೊಸ ಕರಡು ಬಂದ ಸಂಜೆ ಎರಡೂ ಪಠ್ಯಗಳನ್ನು ವರ್ಡ್‌ಗೆ ಹಾಕಿ ‘ಕಂಪೇರ್’ ಒತ್ತಿದರೆ ಬದಲಾದ ಪದಗಳು ಕೆಂಪಾಗಿ ಎದ್ದು ಕಾಣುತ್ತವೆ. ಖಂಡಗಳ ಸಂಖ್ಯೆ ಬದಲಾಗಿರುತ್ತದೆ, ಅದಕ್ಕೆ ಗಲಿಬಿಲಿ ಬೇಡ. ‘ವ್ಯವಸ್ಥಿತ’ ಎಂಬ ಪದ ಹುಡುಕಿ. ಅದರ ಮುಂದಿನ ಸಾಲಿನಲ್ಲಿ ‘ಅಥವಾ’ ಇದೆಯೋ ‘ಮತ್ತು’ ಬಂದಿದೆಯೋ ನೋಡಿ.